ಕುರಿಕೊಬ್ಬಿನ ಪವಾಡ

೧೪೮೩, ಜನವರಿ ೨೬

ಬರೆಯಲೇಬೇಕು, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಬೀದಿಯಲ್ಲಿ ಮಾತಾಡಿದರೆ ಗೋಡೆಗೂ ಕಿವಿ. ಮನೆಯಲ್ಲಿ ಹೆಂಡತಿ ತೆಸ್ಸಾಗೆ ಹೇಳಿದರೆ ಅವಳು ನನಗಿಂತ ಜೋರಾಗಿ ಬೈಯುತ್ತಾಳೆ, ಆಮೇಲೆ ನಾನೇ ಕಿಟಕಿ ಮುಚ್ಚಬೇಕು. ಅವಳಿಗೆ ಓದು ಬಾರದು. ಹಾಗಾಗಿ ವಾಲ್ಫೋರಾ ಪಟ್ಟಣದಲ್ಲಿ ಈ ಪುಸ್ತಕದಷ್ಟು ನಂಬಿಕಸ್ಥರು ಬೇರೆ ಯಾರೂ ಇಲ್ಲ.

ಉದ್ದಮೂಗ ನಮ್ಮ ಮೇಣದ ಬೀದಿಯನ್ನು ಕೆಡವುತ್ತಾನಂತೆ. ಅವನಿಗೆ ಪ್ರಭು ಅಲ್ದೊಬ್ರಾಂದೊ ಎಂಬ ಹೆಸರಿದೆ, ಆದರೆ ಮೂಗು ಮೊದಲು ಬರುತ್ತದೆ, ಹೆಸರು ಆಮೇಲೆ. ಅರಮನೆಯ ಮುಂದೆ ಅವನ ಕುದುರೆಗಳು ತಿರುಗಲು ಜಾಗ ಸಾಲದಂತೆ. ನಮಗೆ ಹೊಳೆಯಾಚೆ, ಚರ್ಮ ಹದ ಮಾಡುವವರ ಪಕ್ಕದಲ್ಲಿ ಜಾಗ ಕೊಡುತ್ತಾನಂತೆ. ಅಲ್ಲಿ ಮಧ್ಯಾಹ್ನಕ್ಕೇ ಗುಡ್ಡದ ನೆರಳು ಬೀಳುತ್ತದೆ. ಮೇಣ ಬೆಳ್ಳಗಾಗುವುದು ಬಿಸಿಲಿಗೆ. ನಮ್ಮ ಮಾಳಿಗೆಯ ಮೇಲೆ ಅಜ್ಜನ ಕಾಲದಿಂದ ಮೇಣದ ಎಳೆಗಳನ್ನು ಹರವಿ, ನೀರು ಚಿಮುಕಿಸಿ, ತಿರುವಿ ಹಾಕಿ ಬಿಳುಪು ಮಾಡಿದ್ದೇವೆ. ಅಂಥ ಬಿಸಿಲು ಊರಿನಲ್ಲಿ ಬೇರೆಲ್ಲೂ ಬೀಳುವುದಿಲ್ಲ. ಮೇಲಾಗಿ ಮೇಣ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಕೊಳೆತ ಚರ್ಮ ನಾರುವ ಬತ್ತಿಯನ್ನು ಯಾವ ದೇವರ ಮುಂದೆ ಹಚ್ಚುವುದು?

ಆದರೆ ಕೆಡವಲು ನಲವತ್ತು ಜನರ ಸಭೆ ಒಪ್ಪಬೇಕು, ಆ ನಲವತ್ತರಲ್ಲಿ ಮೇಣದವರ ಪರವಾಗಿ ನಾನೂ ಒಬ್ಬ. ಕರಿ ಅವರೆಕಾಳು ಹಾಕಿದರೆ ಒಪ್ಪಿಗೆ, ಬಿಳಿ ಹಾಕಿದರೆ ಇಲ್ಲ. ಮುಷ್ಟಿ ಮುಚ್ಚಿಕೊಂಡು ಚೀಲದೊಳಗೆ ಕೈ ಬಿಡಬೇಕು. ಯಾರ ಕಾಳು ಯಾವ ಬಣ್ಣ ಎಂದು ದೇವರಿಗೆ ಮಾತ್ರ ಗೊತ್ತು. ಕರಾರುಪತ್ರ ಬರೆಯುವ, ಸಭೆಯಲ್ಲಿ ನನ್ನ ಜೊತೆ ಕೂರುವ ಸೆರ್ ಲಾಪೊ, ಊರಿನಲ್ಲಿ ಯಾರಿಗೂ ತಲೆಬಾಗದ ಮುದುಕ, ಮನೆಮನೆ ತಿರುಗಿ ಬಿಳಿ ಕಾಳಿನವರ ಸಹಿ ಹಾಕಿಸಿದ್ದಾನೆ. ನಲವತ್ತರಲ್ಲಿ ಇಪ್ಪತ್ಮೂರು ಹೆಸರು, ಮೂರನೆಯದು ನನ್ನದು. ಸಭೆ ಫೆಬ್ರವರಿ ಹದಿನೈದಕ್ಕೆ. ಈ ಸಲ ಉದ್ದಮೂಗನ ಬೇಳೆ ಬೇಯುವುದಿಲ್ಲ.

ಜನವರಿ ೩೦

ಮೇಣದಬತ್ತಿ ಹಬ್ಬಕ್ಕೆ ಇನ್ನು ಮೂರೇ ದಿನ. ಇಗರ್ಜಿಯ ದೊಡ್ಡ ಬತ್ತಿ ನನ್ನದೇ. ಆಳೆತ್ತರದ ಅದನ್ನು ಹಿಡಿದು ಪ್ರಭುವಿನ ಪಕ್ಕದಲ್ಲಿ ನಿಲ್ಲುವುದೂ ನಮ್ಮ ಮನೆತನದ ಹಕ್ಕು. ಹೋದ ವರ್ಷ ಜೇನು ಕೈಕೊಟ್ಟಿದ್ದರಿಂದ ಮೇಣ ಸಾಲಲಿಲ್ಲ. ಮೇಲಿನ ಅರ್ಧಕ್ಕೆ ಕುರಿಕೊಬ್ಬು ಬೆರೆಸಿದೆ. ಮೇಣದವರ ಸಂಘಕ್ಕೆ ಗೊತ್ತಾದರೆ ಅಂಗಡಿಯ ಬಾಗಿಲಿಗೆ ಮೊಳೆ ಹೊಡೆಯುತ್ತಾರೆ.

ತೆಸ್ಸಾ ಮೂಗು ಮುಚ್ಚಿಕೊಂಡು ಹೇಳಿದಳು: “ಏನ್ರೀ ಇದು, ಹಬ್ಬದ ಬತ್ತಿನೋ, ಹಬ್ಬದ ಊಟನೋ?”

“ಧೂಪದ ಹೊಗೇಲಿ ಯಾರಿಗೆ ಗೊತ್ತಾಗುತ್ತೆ, ಸುಮ್ನಿರೇ.”

“ತೊಟ್ಟಿಕ್ಕುತ್ತೆ ನೋಡ್ತಿರಿ. ಕೊಬ್ಬು ಬಿಸಿಗೆ ನಿಲ್ಲಲ್ಲ.”

ಫೆಬ್ರವರಿ ೨

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಏಕೆಂದರೆ ಇದು ಗೊತ್ತಿರುವುದು ನನಗೂ ತೆಸ್ಸಾಗೂ ಮಾತ್ರ.

ಇಗರ್ಜಿ ಕಿಕ್ಕಿರಿದಿತ್ತು, ಜನರ ಉಸಿರಿಗೇ ಸೆಖೆ. ಪ್ರಾರ್ಥನೆ ಅರ್ಧ ಮುಗಿಯುವ ಮೊದಲೇ ನನ್ನ ಬತ್ತಿ ತೊಟ್ಟಿಕ್ಕತೊಡಗಿತು. ತೊಟ್ಟಿಕ್ಕಿತು ಎಂದರೆ ಸುಳ್ಳು, ಸುರಿಯಿತು. ಉದ್ದಮೂಗನ ಪಕ್ಕದ ಅಮೃತಶಿಲೆಯ ಮೆಟ್ಟಿಲ ಮೇಲೆ ಕೈಯಗಲದ ಮಡು. ಸಂಘದ ಹಿರಿಯ ಎದುರಿಗೇ ಕೂತಿದ್ದ. ನಾನು ಕಾಲಿನಿಂದ ಮರೆಮಾಡಲು ಹೊರಟೆ, ಅಷ್ಟರಲ್ಲಿ ಅರ್ದಿಚಿ ಮನೆಯ ಬೆರ್ತೊ ಕಠಾರಿ ಹಿಡಿದು ಕಂಬದ ಮರೆಯಿಂದ ಹಾರಿದ.

ತಂಗಿಯ ಮದುವೆಯನ್ನು ಮುರಿದನೆಂದು ಅವನಿಗೆ ಉದ್ದಮೂಗನ ಮೇಲೆ ಹಗೆ. ಕೂಗಿದ್ದು ಮಾತ್ರ ಸ್ವಾತಂತ್ರ್ಯವೆಂದು. ಹಗೆ ತೀರಿಸಿಕೊಳ್ಳುವವರೆಲ್ಲ ಅದನ್ನೇ ಕೂಗುತ್ತಾರೆ. ಬಲಗಾಲು ನೇರವಾಗಿ ನನ್ನ ಕುರಿಕೊಬ್ಬಿನ ಮೇಲೆ ಬಿತ್ತು. ಕಾಲೆರಡೂ ಮೇಲಕ್ಕೆ ಹೋದವು, ಕುಂಡಿ ಕೆಳಕ್ಕೆ ಬಂತು. ಉದ್ದಮೂಗನ ಎದೆಗೆ ಹೋಗಬೇಕಿದ್ದ ಕಠಾರಿ ಅವನ ಕಿವಿಯ ತುದಿಯನ್ನು ತರಚಿಕೊಂಡು ಹೋಯಿತು. ಬೆರ್ತೊ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ ಭಂಗಿ ನೋಡಿ ನನಗೆ ನಗು ಬಂತು, ದೇವರು ಕ್ಷಮಿಸಲಿ. ಆಮೇಲೆ ಕಾವಲಿನವರು ಮಾಡಿದ್ದನ್ನು ನೋಡಿ ನಗು ಬರಲಿಲ್ಲ.

ನನ್ನ ಅಂಗಡಿ ಕೆಡವಲು ಹೊರಟವನ ಜೀವವನ್ನು ನನ್ನ ಮೋಸವೇ ಉಳಿಸಿತು. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯುತ್ತಿಲ್ಲ.

ಫೆಬ್ರವರಿ ೩

ಮೊನ್ನೆಯವರೆಗೆ ಅವನ ಹೆಸರು ಎತ್ತಿದರೆ ಉಗುಳುತ್ತಿದ್ದ ಮೀನಿನಂಗಡಿಯ ಹೆಂಗಸು ಇಂದು ಎದೆ ಬಡಿದುಕೊಂಡು ಅಳುತ್ತಿದ್ದಳು. “ಅಯ್ಯೋ, ನಮ್ಮಪ್ಪನಂಥ ಪ್ರಭು, ಕಿವಿ ಕುಯ್ದುಬಿಟ್ರಲ್ಲೋ.” ಪಾದ್ರಿ ನಾನ್ನಿ ಪ್ರವಚನದಲ್ಲಿ ಹೇಳಿದರು: ಮಾತೆ ಮರಿಯಾ ತನ್ನ ನೀಲಿ ಸೆರಗನ್ನು ಕೊಲೆಗಾರನ ಕಾಲಿಗೆ ತೊಡರಿಸಿದಳಂತೆ.

ಮನೆಗೆ ಬರುತ್ತ ತೆಸ್ಸಾ ಕಿವಿಯಲ್ಲಿ ಹೇಳಿದಳು: “ಆ ಸೆರಗು ಬಾಣಲೀಲಿ ಕರಗ್ತಿದ್ದಾಗ ನಾನೇ ಕಣ್ಣಾರೆ ನೋಡಿದೀನಿ.”

ನಾವಿಬ್ಬರೂ ಸೇತುವೆಯವರೆಗೆ ನಗುತ್ತ ಬಂದೆವು.

ಫೆಬ್ರವರಿ ೫

ಅರಮನೆಯಿಂದ ಕರೆ ಬಂದಾಗ ಕೊಬ್ಬಿನ ಸುದ್ದಿ ಬಯಲಾಯಿತೆಂದು ತೆಸ್ಸಾಗೆ ಬೀಗದ ಕೈ ಕೊಟ್ಟು, ಪಾಪ ಕ್ಷಮೆ ಕೇಳಿಕೊಂಡು ಹೋದೆ. ಅಂಥದೇನೂ ಇರಲಿಲ್ಲ. ಹರಕೆಯ ಮೇಣದ ಗೊಂಬೆ ಬೇಕಂತೆ, ಪ್ರಭುವಿನಷ್ಟೇ ಎತ್ತರದ್ದು. ಜೀವ ಉಳಿದವರು ತಮ್ಮ ಗೊಂಬೆಯನ್ನು ಇಗರ್ಜಿಯಲ್ಲಿ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಸಾಮಾನ್ಯರು ಮೇಣದ ಕೈಯೋ ಕಾಲೋ ಒಪ್ಪಿಸುತ್ತಾರೆ.

ಮುಖದ ಅಚ್ಚು ತೆಗೆಯಲು ಅವನನ್ನು ಮಲಗಿಸಿ, ಮೂಗಿನ ಹೊಳ್ಳೆಗಳಿಗೆ ಹುಲ್ಲಿನ ಕೊಳವೆ ಇಟ್ಟೆ. ಗಾರೆ ಬಳಿಯುವ ಮೊದಲು ಅವನು ಕೇಳಿದ:

“ಬಿಂದೊ ಅಲ್ವಾ ನಿನ್ನ ಹೆಸರು? ಹೋದ ಸಲ ಬಂದಾಗ ಮಂಡಿ ನೋವು ಅಂತಿದ್ದೆ, ಈಗ ಹೇಗಿದೆ?”

ನಾನು ಹಾಗೆ ಹೇಳಿದ್ದು ನಾಲ್ಕು ವರ್ಷದ ಹಿಂದೆ. ನನ್ನ ಹೆಂಡತಿಗೇ ನೆನಪಿಲ್ಲ.

“ಚಳಿಗೆ ಹಿಡ್ಕೊಳ್ಳುತ್ತೆ ಪ್ರಭು.”

“ನನ್ನ ವೈದ್ಯನ ಹತ್ರ ಒಂದು ಎಣ್ಣೆ ಇದೆ, ತಗೊಂಡು ಹೋಗು. ಮತ್ತೆ ಈ ಮೂಗು ಇದೆಯಲ್ಲ, ಇದ್ದ ಹಾಗೇ ಮಾಡಪ್ಪ. ಮಾತೆ ಮರಿಯಾಗೆ ಗುರುತು ಸಿಗಬೇಕು.”

ತನ್ನ ಮೂಗಿನ ಬಗ್ಗೆ ತಾನೇ ತಮಾಷೆ ಮಾಡುವವನನ್ನು ಪೂರ್ತಿ ಕೆಟ್ಟವನು ಎನ್ನಲಾಗುವುದಿಲ್ಲ. ಆದರೆ ಬಿಳಿ ಕಾಳು ಬಿಳಿ ಕಾಳೇ. ಎಣ್ಣೆ ಚೆನ್ನಾಗಿದೆ.

ಫೆಬ್ರವರಿ ೭

ಹಾಳಾದ ದಿನ. ಬೆರ್ತೊನ ಮನೆಯವರನ್ನೆಲ್ಲ ಗಡೀಪಾರು ಮಾಡಿದ್ದಾರೆ. ಅವನ ಜೊತೆ ಕುಡಿದವರನ್ನು, ಅವನಿಗೆ ಬೂಟು ಹೊಲಿದವನನ್ನು ಹಿಡಿದು ವಿಚಾರಿಸುತ್ತಿದ್ದಾರೆ. ಪ್ರಭುವಿನ ವಿರುದ್ಧ ಯಾವತ್ತು ಏನು ಅಂದಿದ್ದರೂ ಈಗ ಅದು ಕಠಾರಿಯ ಹಿಡಿಯಾಗಿ ಕಾಣುತ್ತದೆ.

ಅಂಗಡಿಯಲ್ಲಿ ಗೊಂಬೆಯ ಮೈ ಕಟ್ಟುತ್ತಿದ್ದೆ. ಮರದ ಚೌಕಟ್ಟಿನೊಳಗೆ ಹುಲ್ಲು ತುಂಬಿ, ಅದರ ಮೇಲೆ ಮೇಣ. ಸೆರ್ ಲಾಪೊ ಉಬ್ಬಸ ಬಿಡುತ್ತ ಬಂದು ಮಡಿಸಿದ ಕಾಗದವನ್ನು ಕೈಗಿಟ್ಟ.

“ಇಪ್ಪತ್ಮೂರು ಜನರ ಪಟ್ಟಿ. ನನ್ನ ಮನೆಯನ್ನ ಇವತ್ತೋ ನಾಳೆನೋ ಹುಡುಕ್ತಾರೆ. ನಿನ್ನ ಒಲೆಗೆ ಹಾಕಿಬಿಡು.”

“ಬೀದಿ ಕೆಡವಬೇಡಿ ಅನ್ನೋ ಪಟ್ಟಿ ತಾನೇ ಸೆರ್ ಲಾಪೊ? ಕೊಲ್ಲಿ ಅನ್ನೋದಲ್ಲವಲ್ಲ.”

“ಹೋದ ವಾರ ಹಾಗಿತ್ತು ಮಾರಾಯ. ಈ ವಾರ ಎರಡೂ ಒಂದೇ.”

ಅಷ್ಟರಲ್ಲಿ ಅರಮನೆಯ ಕಾರಭಾರಿ ಉಗೊ ಬಾಗಿಲಲ್ಲಿ ನಿಂತಿದ್ದ. ಒಲೆ ಇದ್ದದ್ದು ಬಾಗಿಲ ಪಕ್ಕ, ಅವನನ್ನು ದಾಟಿ ಹೋಗಬೇಕು. ನನ್ನ ಕೈ ನನಗಿಂತ ಮೊದಲೇ ಯೋಚಿಸಿತು: ಕಾಗದವನ್ನು ಗೊಂಬೆಯ ಹೊಟ್ಟೆಯ ಹುಲ್ಲಿನೊಳಗೆ ತುರುಕಿತು. ಉಗೊ ಒಂದು ಮಣೆ ಎಳೆದು ಕೂತ. ಭಾನುವಾರದೊಳಗೆ ಗೊಂಬೆ ಬೇಕಂತೆ, ಆಗುವವರೆಗೆ ಏಳುವುದಿಲ್ಲವಂತೆ. ಅವನ ಕಣ್ಣೆದುರೇ ಹೊಟ್ಟೆಗೆ ಮೇಣ ಹುಯ್ದೆ. ತೆಸ್ಸಾ ಅವನಿಗೆ ದ್ರಾಕ್ಷಾರಸ ಕೊಡುತ್ತ, ಗೊಂಬೆಯನ್ನು ನೋಡಿ ಹೇಳಿದಳು:

“ಪ್ರಭುಗಳ ಹೊಟ್ಟೆ ದೊಡ್ಡದು. ಎಷ್ಟು ಜನರನ್ನ ಬೇಕಾದ್ರೂ ಹಾಕ್ಕೊಳ್ಳುತ್ತೆ.”

ಉಗೊ ಅದನ್ನು ಹೊಗಳಿಕೆ ಎಂದುಕೊಂಡ.

ಫೆಬ್ರವರಿ ೯, ಭಾನುವಾರ

ಗೊಂಬೆಯ ಮೆರವಣಿಗೆ. ಅಂದು ಪ್ರಭು ತೊಟ್ಟಿದ್ದ ರಕ್ತದ ಕಲೆಯ ಅಂಗಿಯನ್ನೇ ಅದಕ್ಕೆ ತೊಡಿಸಿದ್ದೆ, ಕಿವಿಗೆ ಪಟ್ಟಿ. ಮೂಗನ್ನು ಒಂದು ಚೂರು ತಗ್ಗಿಸಿದೆ. ಯಾರೂ ಹೇಳಿದ್ದಲ್ಲ, ದೀಪದ ಬೆಳಕಿಗೆ ಹಾಗೆ ಚೆನ್ನಾಗಿ ಕಾಣುತ್ತದೆ. ಬೀದಿಯುದ್ದಕ್ಕೂ ಜನ ಮಂಡಿಯೂರಿದರು. ಮುದುಕಿಯರು ಗೊಂಬೆಯ ಪಾದ ಮುಟ್ಟಿ ಅತ್ತರು. ಮೂವತ್ತು ವರ್ಷ ಬತ್ತಿ ಮಾಡಿದ್ದೇನೆ, ನನ್ನ ಕೈಕೆಲಸಕ್ಕೆ ಯಾರೂ ಅತ್ತಿರಲಿಲ್ಲ. ಸುಳ್ಳೇಕೆ, ಸಂತೋಷವಾಯಿತು.

ಬೆರ್ತೊ ಜಾರಿದ ಮೆಟ್ಟಿಲಿಗೆ ಕಬ್ಬಿಣದ ಕಟಕಟೆ ಹಾಕಿದ್ದಾರೆ. ಚೆಲ್ಲಿದ ಮೇಣವನ್ನು ಒರೆಸಬಾರದೆಂದು ಪಾದ್ರಿಗಳ ಅಪ್ಪಣೆ. ಅಷ್ಟು ಜನ ನಂಬಿರುವಾಗ ಅದರಲ್ಲಿ ಏನೂ ಇಲ್ಲ ಎನ್ನಲು ನಾನು ಯಾರು? ಕೊಬ್ಬು ಕೊಬ್ಬೇ ಸರಿ. ಆದರೆ ಅದು ಸರಿಯಾಗಿ ಅದೇ ಕ್ಷಣಕ್ಕೆ ಕರಗಬೇಕಾದರೆ ಮೇಲಿನವರ ಮನಸ್ಸೂ ಇರಬೇಕಲ್ಲ.

ಫೆಬ್ರವರಿ ೧೫

ಇಂದಿನದನ್ನು ವಿವರವಾಗಿ ಬರೆಯಬೇಕು. ತೆಸ್ಸಾ ಕೇಳಲು ಒಪ್ಪುತ್ತಿಲ್ಲ.

ಪ್ರಭುಗಳು ಕಿವಿಗೆ ಪಟ್ಟಿ ಕಟ್ಟಿಕೊಂಡು ತಾವೇ ಸಭೆಗೆ ಬಂದರು. ಒಬ್ಬರ ಮೇಲೂ ಕೋಪವಿಲ್ಲ. “ಬೀದಿಯ ವಿಷಯ ಬಿಡಿ. ನನ್ನ ಜನಕ್ಕೆ ನೋವಾಗೋದಾದ್ರೆ ನನ್ನ ಕುದುರೆಗಳು ಅಂಗಳದಲ್ಲೇ ತಿರುಗ್ತವೆ,” ಎಂದು ಕೈಮುಗಿದರು. ಅವರು ಹಾಗೆಂದ ಮೇಲೆ ಯಾರಿಗಾದರೂ ಬಿಡಲು ಮನಸ್ಸು ಬರುತ್ತದೆಯೇ? ಕಡೆಯ ಸಾಲಿನವನೊಬ್ಬ ಎದ್ದು, ಬೀದಿಯನ್ನು ತೆಗೆದುಕೊಳ್ಳಲೇಬೇಕು, ಜೊತೆಗೆ ಕಾವಲಿಗೆ ಐವತ್ತು ಜನರನ್ನೂ ಇಟ್ಟುಕೊಳ್ಳಬೇಕು ಎಂದ. ಇನ್ನೊಬ್ಬ, ಇಂಥ ಕಾಲದಲ್ಲಿ ನಲವತ್ತು ಜನ ಕೂಡಿ ಮಾತಾಡುವುದೇ ಅಪಾಯ, ಪ್ರಭುಗಳು ಆರಿಸಿದ ಹತ್ತು ಜನ ಸಾಕು ಎಂದ. ಮೂರನ್ನೂ ಸೇರಿಸಿ ಒಂದೇ ಪ್ರಶ್ನೆ ಮಾಡಿದರು.

ಚೀಲ ಹೊರಟಿತು. ನನ್ನ ಬಲಗೈಯಲ್ಲಿ ಬಿಳಿ ಕಾಳಿತ್ತು, ಎಡಗೈಯಲ್ಲಿ ಕರಿ ಕಾಳಿತ್ತು. ಬಲಗೈ ಬೆವರುತ್ತಿತ್ತು. ಇಪ್ಪತ್ಮೂರರಲ್ಲಿ ಒಬ್ಬೊಬ್ಬರೂ ಉಳಿದ ಇಪ್ಪತ್ತೆರಡು ಜನರ ಮುಖ ನೋಡುತ್ತಿದ್ದರು. ಒಂದು ಬಿಳಿ ಕಾಳು ಸಿಕ್ಕರೂ ನಲವತ್ತು ಜನರ ಮೇಲೂ ಅನುಮಾನ. ಮುಚ್ಚಿದ ಮುಷ್ಟಿ ನೋಡಿದರೆ ಏನೋ ಬಚ್ಚಿಟ್ಟ ಹಾಗೇ ಕಾಣುತ್ತದೆ ಎಂದು ಇಂದೇ ನನಗೆ ಹೊಳೆದದ್ದು. ಹೇಗೆ ಎದ್ದೆನೋ ಗೊತ್ತಿಲ್ಲ. ಎದ್ದು ಹೇಳಿದೆ:

“ಪ್ರೀತಿಯಿಂದ ಹಾಕೋ ಕಾಳನ್ನ ಮುಚ್ಚಿಡೋದ್ಯಾಕೆ? ನಾನು ಅಂಗೈ ಬಿಚ್ಚಿ ತೋರಿಸ್ತೀನಿ. ನೋಡಿ.”

ಎಡಗೈ ಬಿಚ್ಚಿದೆ. ಕರಿ ಕಾಳು. ಸಭೆಯೆಲ್ಲ ಎದ್ದು ಕೂಗಿತು. ಆಮೇಲೆ ಎಲ್ಲರೂ ಬಿಚ್ಚಿದರು, ಬಿಚ್ಚದೆ ಇರುವ ಹಾಗಿರಲಿಲ್ಲ. ಪ್ರಭುಗಳು ನನ್ನನ್ನು ತಬ್ಬಿಕೊಂಡರು, ಅವರ ಕಣ್ಣಲ್ಲಿ ನೀರಿತ್ತು. ಮೂವತ್ತೊಂಬತ್ತು ಕರಿ, ಒಂದು ಬಿಳಿ. ಸೆರ್ ಲಾಪೊನ ಸುಕ್ಕುಗಟ್ಟಿದ ಅಂಗೈ ಮೇಲೆ ಆ ಬಿಳಿ ಕಾಳು ಎದ್ದು ಕಾಣುತ್ತಿತ್ತು.

ಹೊರಗೆ ಮೆಟ್ಟಿಲ ಹತ್ತಿರ ಅವನು ನನ್ನ ತೋಳು ಹಿಡಿದ. ಸಿಟ್ಟಿರಲಿಲ್ಲ, ಅದೇ ನನಗೆ ಸರಿಬರಲಿಲ್ಲ.

“ಬಿಂದೊ, ಈ ಮುಷ್ಟಿ ಮುಚ್ಚೋ ಹಕ್ಕಿಗೆ ನಮ್ಮಜ್ಜಂದಿರು ನೂರು ವರ್ಷ ಬಡಿದಾಡಿದ್ರಪ್ಪ. ನೀನು ಒಂದು ಗಳಿಗೇಲಿ ಬಿಚ್ಚಿಬಿಟ್ಟೆ.”

“ಬಚ್ಚಿಡೋಕೆ ನನ್ನ ಹತ್ರ ಏನೂ ಇರಲಿಲ್ಲ ಸೆರ್ ಲಾಪೊ.”

“ಬಲಗೈಲಿ ಏನಿತ್ತು?”

ಮುದುಕರಿಗೆ ಮಾತು ಹೆಚ್ಚು.

ಫೆಬ್ರವರಿ ೧೬

ಸಾರಿಗೆ ಉಪ್ಪಿಲ್ಲ. ಕೇಳಿದರೆ ತೆಸ್ಸಾ ಉಪ್ಪಿನ ಬಟ್ಟಲನ್ನು ಮುಂದೆ ಕುಕ್ಕಿ ಒಳಗೆ ಹೋದಳು.

ಫೆಬ್ರವರಿ ೧೯

ತೆಸ್ಸಾ ಇವತ್ತು ಬಾಯಿಬಿಟ್ಟಳು. “ನಿಮ್ಮಜ್ಜನ ಮಾಳಿಗೆ ಮೇಲೆ ಸೊಸೆಯಾಗಿ ಬಂದ ದಿನದಿಂದ ಮೇಣ ತಿರುವಿದೀನಿ. ನನ್ನ ಬೆನ್ನು ಆ ಬಿಸಿಲಿಗೇ ಬಾಗಿದ್ದು. ನನ್ನನ್ನೊಂದು ಮಾತು ಕೇಳಿದ್ರಾ?”

ಊರು ದೊಡ್ಡದೋ ಮಾಳಿಗೆ ದೊಡ್ಡದೋ ಎಂದೆ. ಊರಿನ ಬಗ್ಗೆ ಇಷ್ಟು ಯೋಚಿಸುವವರು ಹೋದ ತಿಂಗಳು ಎಲ್ಲಿ ಹೋಗಿದ್ದರು ಎಂದಳು. ಹೆಂಗಸರಿಗೆ ರಾಜ್ಯದ ವಿಷಯ ತಿಳಿಯುವುದಿಲ್ಲ.

ಸೆರ್ ಲಾಪೊನನ್ನು ತಂಗಿಯ ಹಳ್ಳಿಗೆ ಹೋಗಿರಲು ಹೇಳಿದ್ದಾರೆ. ಅಲ್ಲಿಯ ಗಾಳಿ ಅವನ ಉಬ್ಬಸಕ್ಕೆ ಒಳ್ಳೆಯದಂತೆ. ಪ್ರಭುಗಳದ್ದು ಮೃದು ಹೃದಯ, ಬೇರೆಯವರಾಗಿದ್ದರೆ ತಲೆ ತೆಗೆಸುತ್ತಿದ್ದರು.

ಮಾರ್ಚ್ ೨೨

ಬೀದಿ ಕೆಡವಿದರು. ಮೊದಲ ಏಟು ನಮ್ಮ ಮನೆಗೇ ಬೀಳಲಿ ಎಂದು ನಾನೇ ಕೇಳಿಕೊಂಡಿದ್ದೆ, ಗೌರವದ ಮಾತು. ಮಾಳಿಗೆ ಬಿದ್ದಾಗ ಎದ್ದ ಧೂಳಿನಲ್ಲಿ ಮೇಣದ ವಾಸನೆಯಿತ್ತು, ಅಜ್ಜನ ಕಾಲದ್ದು. ಗಾರೆಯೊಳಗೆಲ್ಲ ಅಷ್ಟು ವರ್ಷ ಇಳಿದಿತ್ತು. ತಡೆಯಲಾರದೆ ಬಿಕ್ಕಿಬಿಕ್ಕಿ ಅತ್ತೆ. ಉಗೊ ಬೆನ್ನು ತಟ್ಟಿ, “ಪ್ರಭುಗಳ ಮೇಲೆ ಎಷ್ಟು ಅಭಿಮಾನ ಬಿಂದೊ ನಿನಗೆ,” ಎಂದ. ಇರಬಹುದು. ಇನ್ನೇತಕ್ಕೆ ಅತ್ತೆನೋ ನನಗೂ ಗೊತ್ತಿಲ್ಲ.

ಆಗಸ್ಟ್ ೧೧

ಸೆಖೆಗೆ ಇಗರ್ಜಿಯ ಪವಿತ್ರ ಮೆಟ್ಟಿಲಿನಿಂದ ಗಮ್ಮೆಂದು ವಾಸನೆ ಬರುತ್ತಿದೆಯಂತೆ. ಏನು ವಾಸನೆ ಎಂದು ಜನ ಕೇಳಿದ್ದಕ್ಕೆ ಪಾದ್ರಿ ನಾನ್ನಿ, “ಕುರಿಮರಿಯದು. ದೇವರ ಕುರಿಮರಿಯದು,” ಎಂದರಂತೆ. ಎರಡು ಹಗಲಿನ ದಾರಿಯಾಚೆಯಿಂದಲೂ ಯಾತ್ರಿಕರು ಬರುತ್ತಿದ್ದಾರೆ. ನಾನೂ ಸಾಲಿನಲ್ಲಿ ನಿಂತು, ಕಟಕಟೆಯ ಸಂದಿಯಲ್ಲಿ ತಲೆ ತೂರಿಸಿ ಮುತ್ತಿಟ್ಟೆ. ನಿಜವಾಗಿಯೂ ಮೈ ಜುಮ್ಮೆಂದಿತು.

ತೆಸ್ಸಾ ನನ್ನ ಹಿಂದೆಯೇ ಇದ್ದಳು. ಮೂಸಿ ನೋಡಿ, “ಬೆಳ್ಳುಳ್ಳಿ ಒಂದು ಕಡಿಮೆ,” ಎಂದಳು. ಪುಣ್ಯಕ್ಕೆ ಯಾರಿಗೂ ಕೇಳಿಸಲಿಲ್ಲ.

೧೪೮೪, ಜನವರಿ ೩೧

ಈ ಪುಸ್ತಕ ಹೊಳೆಯಾಚೆಯ ಹೊಸ ಮನೆಯಲ್ಲಿ, ಪೆಟ್ಟಿಗೆಗಳ ಕೆಳಗೆ ಸಿಕ್ಕಿತು. ಹಿಂದಿನ ಹಾಳೆಗಳನ್ನು ತಿರುವಲಿಲ್ಲ, ಕಣ್ಣು ಮೊದಲಿನಂತಿಲ್ಲ. ಇಲ್ಲಿ ಬಿಸಿಲು ಬರುವುದು ಒಂದು ಗಳಿಗೆ, ಮೇಣ ಹಳದಿಯಾಗಿಯೇ ಉಳಿಯುತ್ತದೆ, ಬತ್ತಿ ಹಚ್ಚಿದರೆ ಹದ ಮಾಡುವ ತೊಟ್ಟಿಯ ವಾಸನೆ. ಗಿರಾಕಿಗಳು ಕಡಿಮೆ. ಪ್ರಭುಗಳಿಗೆ ಇದೊಂದು ತಿಳಿದಿಲ್ಲ, ತಿಳಿದರೆ ಏನಾದರೂ ಮಾಡಿಯಾರು.

ಬೆಳಿಗ್ಗೆ ನಮ್ಮ ಬೀದಿಯಿದ್ದ ಹೊಸ ಬಯಲಿಗೆ ಹೋಗಿದ್ದೆ. ಕಾಲಲ್ಲೇ ಅಳೆದೆ: ಇಲ್ಲಿ ಹೊಸ್ತಿಲು, ಇಲ್ಲಿ ಮಾಳಿಗೆಯ ಮೆಟ್ಟಿಲು, ಇಲ್ಲಿ ಒಲೆ. ಸರಿಯಾಗಿ ಒಲೆಯಿದ್ದ ಕಡೆ ಪ್ರಭುಗಳ ಕುದುರೆ ನಿಂತು ಉಚ್ಚೆ ಹೊಯ್ಯಿತು. ಒಳ್ಳೆಯ ಜಾತಿಯದು, ಮೈ ಮಿರಮಿರ ಮಿಂಚುತ್ತಿತ್ತು.

ಪ್ರಭುಗಳ ಮೇಲೆ ಮತ್ತೆ ಯಾರೋ ಹೊಂಚುತ್ತಿದ್ದಾರೆಂದು ಊರಲ್ಲಿ ಸುದ್ದಿಯಿದೆ. ಆ ಸುದ್ದಿ ಪ್ರತಿ ತಿಂಗಳೂ ಇರುತ್ತದೆ. ಅದು ಬಂದಾಗಲೆಲ್ಲ ಕಾವಲಿನವರು ಇನ್ನಷ್ಟು ಹೆಚ್ಚುತ್ತಾರೆ, ಹೆಚ್ಚಲಿ.

ನಾಡಿದ್ದಿನ ಹಬ್ಬದ ದೊಡ್ಡ ಬತ್ತಿ ಇವತ್ತು ಮುಗಿಯಿತು. ಮನೆಯಲ್ಲಿ ಇದ್ದ ಹಳೆಯ ಬಿಳಿ ಮೇಣವನ್ನೆಲ್ಲ, ಆ ಮಾಳಿಗೆಯ ಬಿಸಿಲಿನ ಕಡೆಯ ಮೇಣವನ್ನು, ಅದಕ್ಕೇ ಹಾಕಿದೆ. ತೆಸ್ಸಾ ಬಂದು ಮುಟ್ಟಿ ನೋಡಿದಳು.

“ಕೊಬ್ಬು ಎಷ್ಟು ಹಾಕಿದ್ರಿ?”

“ಏನು ಮಾತು ಅಂತ ಆಡ್ತೀಯೇ? ಪ್ರಭುಗಳ ಪಕ್ಕ ಹಿಡಿಯೋ ಬತ್ತಿಗೆ ಕೊಬ್ಬಾ? ಅಪ್ಪಟ ಮೇಣ. ಒಂದು ತೊಟ್ಟೂ ಕೆಳಗೆ ಬೀಳಲ್ಲ.”

“ಒಂದು ತೊಟ್ಟೂ?”

“ಒಂದು ತೊಟ್ಟೂ ಬೀಳಲ್ಲ. ಅವರನ್ನ ಕಾಯೋಕೆ ಮಾತೆ ಮರಿಯಾ ಇದಾಳೆ. ಅವಳ ನೀಲಿ ಸೆರಗನ್ನ ನಾನೇ ಕಣ್ಣಾರೆ ನೋಡಿದೀನಿ.”

ತೆಸ್ಸಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಮಣೆಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹೋದ ಫೆಬ್ರವರಿಯಲ್ಲಿ ಸೇತುವೆಯವರೆಗೆ ನಕ್ಕದ್ದು ಬಿಟ್ಟರೆ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿಲ್ಲ. ಒಂದು ವರ್ಷದ ಮುನಿಸು ಅಂತೂ ಮುರಿಯಿತೆಂದು ನನಗೂ ಸಮಾಧಾನವಾಯಿತು.

ಏತಕ್ಕೆ ನಕ್ಕಳು ಎಂದು ಎರಡು ಸಲ ಕೇಳಿದೆ. ಒಲೆಗೆ ಸೌದೆ ಇಟ್ಟು, ಬತ್ತಿಯನ್ನು ಇನ್ನೊಮ್ಮೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿದಳು.